ನಲ್ಲಿಗೆ ಗುರುತು ಸಿಗದ ನೀರು

ಶಾಲೆಯೊಂದರ ಅಡುಗೆಮನೆಯ ಹಿಂದೆ ಒಂದು ನಲ್ಲಿಯೂ ಅದರ ಕೆಳಗೆ ಅಂಚು ಒಡೆದ ಬಕೆಟ್ಟೂ ಇದ್ದವು. ಬಿಸಿಯೂಟಕ್ಕೆ ಅಕ್ಕಿ ತೊಳೆದ ನೀರನ್ನು ಅಡುಗೆಯ ಶಿವಲೀಲಕ್ಕ ಆ ಬಕೆಟ್ಟಿಗೆ ಸುರಿಯುತ್ತಿದ್ದರು. ಮಕ್ಕಳು ಅದನ್ನು ಒಯ್ದು ಬಸಳೆಯ ಬುಡಕ್ಕೆ ಹಾಕುತ್ತಿದ್ದರು.

"ತೊಳೆದು ಚೆಲ್ಲಿದ ನೀರನ್ನು ಹೊರುತ್ತೀಯಲ್ಲ, ನಿನಗೆ ನಾಚಿಕೆಯಿಲ್ಲವೇ? ನನ್ನ ನೀರು ನೋಡು, ಎಷ್ಟು ತಿಳಿಯಾಗಿದೆ!" ಎಂದಿತು ನಲ್ಲಿ.

"ತಿಳಿಯಾಗಿಯೇ ಇದೆ. ನೀನು ಸುಮ್ಮನೆ ತೊಟ್ಟಿಕ್ಕಿಸುವುದನ್ನೂ ನಾನೇ ಹಿಡಿಯುತ್ತಿದ್ದೇನೆ," ಎಂದಿತು ಬಕೆಟ್ಟು.

ಬೇಸಿಗೆ ಬಂತು. ನಲ್ಲಿಯ ನೀರು ಸಣ್ಣಗಾಗಿ ಅಡುಗೆಗಷ್ಟೇ ಸಾಕಾಯಿತು. ಕೈತೋಟದ ಹರಿವೆ, ಮೆಂತ್ಯ ಎಲ್ಲ ಒಣಗಿದವು. ಬಸಳೆ ಮಾತ್ರ ಚಪ್ಪರದ ತುಂಬ ಹಬ್ಬಿತು. ಶಿವಲೀಲಕ್ಕ ಅದನ್ನೇ ಕೊಯ್ದು ಸಾರು ಮಾಡಿದರು. ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು.

ನಲ್ಲಿಗೆ ಆಶ್ಚರ್ಯವಾಯಿತು. "ತೋಟಕ್ಕೆ ಬಿಡಲು ನನ್ನಲ್ಲೇ ನೀರಿರಲಿಲ್ಲ. ನಿನಗೆ ಯಾರು ಕೊಟ್ಟರು?" ಎಂದು ಬಸಳೆಯನ್ನು ಕೇಳಿತು.

"ನೀನೇ ಕೊಟ್ಟೆ," ಎಂದಿತು ಬಸಳೆ. "ಅಕ್ಕಿ ತೊಳೆದ ಮೇಲೆ ನಿನಗೆ ಅದರ ಗುರುತು ಸಿಗಲಿಲ್ಲ, ಅಷ್ಟೆ."