ಕೆಂಪಿಯ ಕಾಲಿನ ನವೆಗೆ ಜವರ ಮಾಡಿದ ಉಪಚಾರ

ಹೂಂ ಅನ್ನುವವರು ಹತ್ತಿರ ಕೂತುಕೊಳ್ಳಿ, ನಡುನಡುವೆ ಬುದ್ಧಿ ಹೇಳುವವರು ಜಗಲಿಯ ಆ ತುದಿಗೆ ಹೋಗಿ. ಯಾಕೆಂದರೆ ಈ ಕತೆಯಲ್ಲಿ ಬುದ್ಧಿ ಹೇಳುವವರು ಆಗಲೇ ಬೇಕಾದಷ್ಟು ಜನ ಇದ್ದಾರೆ. ಕೇಳುವವನು ಒಬ್ಬನೇ, ಅವನ ಹೆಸರು ಜವರ.

ಜವರನಿಗೆ ಮೂವತ್ತು ತುಂಬಿತ್ತು. ಮೀಸೆ ಬಂದಿತ್ತು, ತೋಳು ಬಂದಿತ್ತು, ಬುದ್ಧಿ ಮಾತ್ರ ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಅವನ ತಾಯಿ ಹೊಂಬಾಳಮ್ಮ ಕಾಯುತ್ತಲೇ ಇದ್ದಳು. ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡುವುದು ಅವನ ಗುಣ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಹಾಲು ಉಕ್ಕಿದರೆ ಕರಿ ಎಂದರೆ ಉಕ್ಕುವ ತನಕ ಕೂತಿದ್ದು, ಉಕ್ಕಿ ಒಲೆ ಆರಿದ ಮೇಲೆ ಕರೆಯುವವನು. ಹೊಂಬಾಳಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಅಲ್ಲಿ ಕುಂಕುಮ ನಿಲ್ಲುವುದೇ ಕಷ್ಟವಾಗಿತ್ತು.

ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಹೊಂಬಾಳಮ್ಮನಿಗೆ ಬೆಳಗಾದರೆ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ತರುವ ಕೆಲಸ. ಮಗಳು ಪದ್ಮಿ ಎರಡನೇ ಬಾಣಂತನಕ್ಕೆ ಬಂದು ಹಸುಗೂಸಿನ ಜೊತೆ ಒಳಕೋಣೆ ಸೇರಿದ್ದಳು. ಅವಳ ದೊಡ್ಡ ಮಗಳು, ಮೂರೂವರೆ ವರ್ಷದ ಕೆಂಪಿ, ಹಗಲೆಲ್ಲಾ ಸೋದರಮಾವ ಜವರನ ಬೆನ್ನಿಗೆ ಅಂಟಿಕೊಂಡಿರುತ್ತಿದ್ದಳು. ಆ ಊರಲ್ಲಿ ಜವರನನ್ನು ನೋಡಿ ನಗದೇ ಇದ್ದ ಜೀವ ಅದೊಂದೇ. ಅವನಿಗೂ ಅಷ್ಟೇ, ಕೆಂಪಿ ಎಂದರೆ ಪ್ರಾಣ.

ಹೀಗಿರುವಾಗ ಕೆಂಪಿಯ ಕಾಲಿಗೆ ನವೆ ಶುರುವಾಯಿತು. ಕೂತರೆ ಕೆರೆತ, ನಿಂತರೆ ಕೆರೆತ, ಉಣ್ಣುವಾಗ ಒಂದು ಕೈ ತಟ್ಟೆಯಲ್ಲಿ, ಒಂದು ಕೈ ಪಾದದಲ್ಲಿ. ಸೊಳ್ಳೆ ಕಚ್ಚಿದ ಗುರುತಿಲ್ಲ, ಮುಳ್ಳು ಚುಚ್ಚಿದ ಗುರುತಿಲ್ಲ. ಬೆರಳ ಸಂದಿಯೆಲ್ಲಾ ಕೆಂಪಗೆ ಸುಲಿದುಹೋಗಿತ್ತು. ಉಷ್ಣ ಎಂದಳು ಎದುರುಮನೆಯವಳು. ದೃಷ್ಟಿ ಎಂದಳು ಪಕ್ಕದ ಮನೆಯವಳು. ನಾಗರ ಕಾಟ ಎಂದ ದಾರಿಯಲ್ಲಿ ಹೋಗುತ್ತಿದ್ದವನು, ಅವನನ್ನು ಯಾರೂ ಕೇಳಿರಲಿಲ್ಲ.

ಇದು ಹೇಗೋ ಪದ್ಮಿಯ ಅತ್ತೆ ದೊಡ್ಡತಾಯಮ್ಮನ ಕಿವಿಗೆ ಬಿತ್ತು. ದೊಡ್ಡತಾಯಮ್ಮ ಎಂದರೆ ಸಾಮಾನ್ಯದ ಬೀಗಿತ್ತಿಯಲ್ಲ. ಅವಳು ಕೆಮ್ಮಿದರೆ ಅವಳ ಮನೆಯಲ್ಲಿ ನಾಯಿಯೂ ಎದ್ದು ನಿಲ್ಲುತ್ತಿತ್ತು. ಬರುವ ವಾರ ಬಿಟ್ಟು ಆಚೆ ಭಾನುವಾರ ತಾನೇ ಬಂದು ಸೊಸೆಯನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿ ಕಳಿಸಿದಳು. ಅವತ್ತು ಮೊಮ್ಮಗಳ ಕಾಲಲ್ಲಿ ಒಂದು ಗಾಯ ಕಂಡರೂ ಮಗು ಇನ್ನು ಅಜ್ಜಿ ಮನೆ ಹೊಸಿಲು ತುಳಿಯುವುದಿಲ್ಲ ಎಂದೂ ಸೇರಿಸಿ ಕಳಿಸಿದಳು. ಜವರ ಎರಡು ಹೊತ್ತು ಊಟ ಬಿಟ್ಟ.

ಹೊಂಬಾಳಮ್ಮ ಬೇವಿನ ಸೊಪ್ಪಿಗೆ ಅರಿಶಿನ ಹಾಕಿ ಅರೆದಳು. ಬಟ್ಟಲನ್ನು ಮಗನ ಕೈಗೆ ಕೊಟ್ಟು, ಇದನ್ನು ಮಗುವಿನ ಕಾಲಿಗೆ ಬಳಿ, ಒಣಗುವ ತನಕ ಕಾಲು ನೆಲಕ್ಕೆ ತಾಕಬಾರದು ಎಂದು ಎರಡೆರಡು ಸಲ ಹೇಳಿ ಸೊಪ್ಪಿಗೆ ಹೋದಳು. ಜವರ ಬಳಿದ. ಚೆನ್ನಾಗಿಯೇ ಬಳಿದ. ಆಮೇಲೆ ನೋಡಿದ. ಚಾಪೆಯ ಮೇಲೆ ಕೂರಿಸಿದರೆ ಚಾಪೆಯ ಕೆಳಗೆ ನೆಲ. ಮಂಚದ ಮೇಲೆ ಕೂರಿಸಿದರೆ ಇಳಿದರೆ ನೆಲ. ಕೊನೆಗೆ ಏಣಿ ಇಟ್ಟು ಮಗುವನ್ನು ಅಟ್ಟದ ಮೇಲೆ ಕೂರಿಸಿದ, ಇಳಿಯದಿರಲಿ ಎಂದು ಏಣಿ ತೆಗೆದು ಹಿತ್ತಲಲ್ಲಿಟ್ಟ, ತಾನು ಹೋಗಿ ದನಕ್ಕೆ ನೀರು ಕುಡಿಸಿದ.

ಹೊಂಬಾಳಮ್ಮ ಬಂದು ನೋಡಿದರೆ ಮಗು ಇಲ್ಲ. ಮಂಚದ ಕೆಳಗೆ ಹುಡುಕಿದಳು, ರಾಗಿ ತುಂಬುವ ಹಗೇವಿನ ಗುಂಡಿಯೊಳಗೆ ಇಣುಕಿದಳು, ಬಾವಿಯ ಹತ್ತಿರ ಹೋಗಿ ಕೂಗಿದಳು. ತಲೆಯ ಮೇಲಿಂದ ಒಂದು ಬೆಲ್ಲದ ಚೂರು ಬಿತ್ತು. ಮೇಲೆ ನೋಡುತ್ತಾಳೆ, ಕೆಂಪಿ ಬೆಲ್ಲದ ಗಡಿಗೆಯೊಳಗೆ ಮೊಣಕೈವರೆಗೂ ಕೈ ಹಾಕಿ ಕೂತಿದ್ದಾಳೆ. ಬೇವು ಅರಿಶಿನವೆಲ್ಲಾ ಅಟ್ಟದ ಹಲಗೆಗೆ ಒರೆಸಿಕೊಂಡಿತ್ತು.

ಹೊಂಬಾಳಮ್ಮ ಪೊರಕೆ ತೆಗೆದುಕೊಂಡೇ ಮಾತಾಡಿದಳು. ಮೂರು ವರ್ಷದ ಮಗು ಅಷ್ಟೆತ್ತರದಲ್ಲಿ ಒಂಟಿಯಾಗಿ ಕೂತರೆ ಹೇಗಿರುತ್ತೆ ಅಂತ ಗೊತ್ತೇನಲಾ ನಿಂಗೆ ಎಂದು ಕೇಳಿದಳು. ಇನ್ನು ಮೇಲೆ ಮಗುವಿಗೆ ಏನು ಮಾಡಬೇಕಾದರೂ ಮೊದಲು ನಿನಗೆ ಮಾಡಿಕೊಂಡು ನೋಡು, ಆಮೇಲೆ ಅವಳಿಗೆ ಮಾಡು ಎಂದಳು. ಜವರ ಹೂಂ ಎಂದ.

ಮಾರನೇ ದಿನ ಪಕ್ಕದೂರಿನ ನಾಟಿ ವೈದ್ಯನಿಂದ ಒಂದು ಸೀಸೆ ಹೊಂಗೆ ಎಣ್ಣೆ ಬಂತು. ಎಂಥೆಂಥದೋ ಬೇರು ಹಾಕಿ ಕುದಿಸಿದ ಎಣ್ಣೆ, ಎಂಟು ದಿನಕ್ಕಾಗುವಷ್ಟು. ಹಚ್ಚಿ ನವೆ ಹೋಗುವವರೆಗೂ ತಿಕ್ಕಬೇಕು ಎಂದು ವೈದ್ಯ ಹೇಳಿದ್ದ. ಹೊಂಬಾಳಮ್ಮ ಸೀಸೆಯನ್ನು ಮಗನಿಗೆ ಕೊಟ್ಟು ತೋಟಕ್ಕೆ ಹೋದಳು, ಬಂದಳು. ಜವರ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಪಾದದಿಂದ ತೊಡೆಯ ತನಕ ಮಿರಮಿರ ಮಿಂಚುತ್ತಿದ್ದ. ಸೀಸೆ ಬರಿದಾಗಿ ಮಗ್ಗುಲಲ್ಲಿ ಬಿದ್ದಿತ್ತು. ಕೆಂಪಿ ಎದುರಿಗೆ ಕೂತು ಕಾಲು ಕೆರೆದುಕೊಳ್ಳುತ್ತಿದ್ದಳು.

"ಅವ್ವ, ಒಳ್ಳೆ ಎಣ್ಣೆ ಕಣವ್ವ," ಎಂದ ಜವರ. "ನಂಗೆ ಒಂಚೂರೂ ನವೆ ಇಲ್ಲ."

ಹೊಂಬಾಳಮ್ಮ ಸೀಸೆಯನ್ನು ಎತ್ತಿ ಬೋರಲು ಹಾಕಿ ನೋಡಿದಳು. ನಿನಗೆ ಮೊದಲೂ ಇರಲಿಲ್ಲವಲ್ಲೋ ಎಂದು ಅಳುವುದೋ ನಗುವುದೋ ತಿಳಿಯದೆ ಕೇಳಿದಳು. ಅದಕ್ಕೇ ಎಷ್ಟು ಹೊತ್ತು ತಿಕ್ಕಬೇಕು ಅನ್ನುವುದೇ ಗೊತ್ತಾಗಲಿಲ್ಲ ಎಂದ ಜವರ. ಆಗ ಅವಳು, ಮೊದಲು ನವೆ ಯಾರಿಗಿದೆ ಅಂತ ಕೇಳಬೇಕು, ಇದೆ ಅಂದವರಿಗೆ ಮಾತ್ರ ಉಪಚಾರ ಮಾಡಬೇಕು, ತಿಳಿಯಿತಾ ಎಂದು ಬೈದಳು. ಜವರನಿಗೆ ತಿಳಿಯಿತು. ಅವನಿಗೆ ಯಾವಾಗಲೂ ತಿಳಿಯುತ್ತಿತ್ತು, ಅದೇ ತೊಂದರೆ.

ಮದ್ದು ಹೋಯಿತು, ಇನ್ನು ದೇವರೇ ಗತಿ. ದಾರಿಹೋಕನ ಮಾತು ನೆನಪಾಗಿ ಹೊಂಬಾಳಮ್ಮ ಒಂದು ಚೊಂಬು ಹಸಿ ಹಾಲು ಕರೆದು ಕೊಟ್ಟಳು. ಅರಳಿಕಟ್ಟೆಯ ನಾಗರಕಲ್ಲಿಗೆ ಎರೆದು ಬಾ, ಮಗುವಿನ ಕಾಲಿನ ನವೆ ತಗ್ಗಲಿ ಅಂತ ಕೇಳಿಕೋ ಎಂದಳು. ಜವರ ಕೆಂಪಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ. ಚೊಂಬು ಎತ್ತಿದ. ಎತ್ತಿದವನಿಗೆ ಅವ್ವ ಹೇಳಿದ್ದು ಜ್ಞಾಪಕಕ್ಕೆ ಬಂತು. ಬಗ್ಗಿ ನಾಗಪ್ಪನನ್ನು ಮರ್ಯಾದೆಯಿಂದಲೇ ಕೇಳಿದ, ನಿಮಗೆ ನವೆ ಇದೆಯಾ ಎಂದು. ನಾಗಪ್ಪ ಮಾತಾಡಲಿಲ್ಲ. ಪಕ್ಕದ ಕಲ್ಲನ್ನು ಕೇಳಿದ. ಅದಕ್ಕೂ ನವೆ ಇದ್ದ ಹಾಗೆ ಕಾಣಲಿಲ್ಲ.

ಕಟ್ಟೆಯ ಆ ಬದಿಯಲ್ಲಿ ಊರಿನ ಮಾಜಿ ಚೇರ್ಮನ್ನರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ತೂಕಡಿಸುತ್ತಿದ್ದರು. ತೂಕಡಿಸುತ್ತಲೇ ತೊಡೆ ಕೆರೆದುಕೊಂಡರು. ಜವರ ಹೋಗಿ ಅವರನ್ನೂ ಕೇಳಿದ. ಅವರು ಕಣ್ಣು ಬಿಡದೆಯೇ ಹೂಂ ಎಂದುಬಿಟ್ಟರು.

ಆ ದಿನ ಚೇರ್ಮನ್ನರು ಹಾಲು ಸುರಿಸಿಕೊಂಡು ಮನೆ ತನಕ ನಡೆದರು. ಹಿಂದೆ ಊರ ನಾಯಿಗಳೆಲ್ಲಾ ನಡೆದವು. ಅವರು ಚುನಾವಣೆಗೆ ನಿಂತಾಗಲೂ ಅವರ ಹಿಂದೆ ಅಷ್ಟು ಮಂದಿ ಬಂದಿರಲಿಲ್ಲ. ಬಟ್ಟೆ ಬದಲಿಸಿಕೊಂಡು ಬಂದು ಹೊಂಬಾಳಮ್ಮನ ಅಂಗಳದಲ್ಲಿ ನಿಂತು ಅರ್ಧ ಗಂಟೆ ಬೈದರು. ಅವರು ಬೈದು ಮುಗಿಸಿದ ಮೇಲೆ ಹೊಂಬಾಳಮ್ಮ ಶುರು ಮಾಡಿದಳು. ನೀನು ಬಾಯಿ ಬಿಟ್ಟರೇ ಅನಾಹುತ, ಇನ್ನು ಎಲ್ಲಿಗೆ ಕಳಿಸಿದರೂ ಬಾಯಿ ಮುಚ್ಚಿಕೊಂಡು ಹೋಗು, ಮುಚ್ಚಿಕೊಂಡು ಬಾ ಎಂದಳು. ಬೈದು ಸುಸ್ತಾಗಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಭಾನುವಾರಕ್ಕೆ ಇನ್ನು ಐದೇ ದಿನ ಇತ್ತು. ಮಗುವಿನ ಪಾದದಲ್ಲಿ ಈಗ ರಕ್ತ ಜಿನುಗುತ್ತಿತ್ತು.

ಮಾರನೇ ಬೆಳಿಗ್ಗೆ ಪದ್ಮಿಯೇ ಒಳಗಿನಿಂದ, ಆರೋಗ್ಯ ಕೇಂದ್ರಕ್ಕಾದರೂ ಕಳಿಸವ್ವ ಎಂದಳು. ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಅಂದರೆ ನಾಲ್ಕನೇ ಜ್ವರ ಎದ್ದು, ಗಬಗಬ ತಿನ್ನುವ ಹೊತ್ತು, ಹೊಂಬಾಳಮ್ಮ ಕದಲುವ ಹಾಗಿರಲಿಲ್ಲ. ಜವರನೇ ಮಗುವನ್ನು ಎತ್ತಿಕೊಂಡು ಹೋದ, ಬಾಯಿ ಮುಚ್ಚಿಕೊಂಡು.

ಅಲ್ಲಿದ್ದ ನರ್ಸಮ್ಮ ಏನಾಯಿತು ಎಂದು ಕೇಳಿದಳು. ಜವರ ತುಟಿ ಬಿಗಿದುಕೊಂಡು ನಿಂತ. ಯಾವೂರು ಎಂದಳು. ಇನ್ನೂ ಬಿಗಿದುಕೊಂಡ. ನರ್ಸಮ್ಮ ಅವನ ದವಡೆ ಒತ್ತಿ ನೋಡಿದಳು, ಟಾರ್ಚು ಬಿಟ್ಟು ಕಣ್ಣು ನೋಡಿದಳು, ಇದು ದವಡೆ ಕಚ್ಚಿಕೊಳ್ಳುವ ಕಾಯಿಲೆಯೇ ಸರಿ ಎಂದು ಸೂಜಿ ತೆಗೆದಳು. ಸೂಜಿ ನೋಡಿ ಜವರ ಬೆವೆತ. ಆದರೂ ಬಾಯಿ ಬಿಡಲಿಲ್ಲ.

ಆಗ ಕೆಂಪಿ, "ಮಾವಂಗಲ್ಲ, ನಂಗೆ. ಕಾಲು ನವೆ," ಎಂದಳು.

ಅಷ್ಟು ದಿನ ಎಲ್ಲರೂ ಎಲ್ಲರನ್ನೂ ಕೇಳಿದ್ದರು. ಕಾಲು ಯಾರದೋ ಅವಳನ್ನು ಕೇಳಿರಲಿಲ್ಲ. ನರ್ಸಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆಳಗಿಂದ ಏನೇನು ಆಟ ಆಡ್ತೀಯಾ ಎಂದು ವಿಚಾರಿಸಿದಳು. ಮಗು ಹೇಳಿತು. ಹುಳದ ಮನೆ ಬಾಗಿಲಲ್ಲಿ ಒಂದು ಬಾಂಡ್ಲಿ ಇದೆ, ಅದರಲ್ಲಿ ಬಿಳಿ ನೀರು ಇದೆ, ಮಾವನೂ ತಾನೂ ಅದರಲ್ಲಿ ಕಾಲದ್ದಿ ಒಳಗೆ ಹೋಗೋದು, ಹೊರಗೆ ಬರೋದು, ಮತ್ತೆ ಅದ್ದೋದು, ಚಪ್ ಚಪ್ ಕುಣಿಯೋದು.

ನರ್ಸಮ್ಮನಿಗೆ ಅರ್ಥವಾಯಿತು. ಹುಳಕ್ಕೆ ರೋಗ ತಗುಲದಿರಲಿ ಎಂದು ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿಟ್ಟು, ಕಾಲದ್ದಿಯೇ ಒಳಗೆ ಹೋಗುವುದು ಹುಳ ಸಾಕುವ ಮನೆಗಳ ಪದ್ಧತಿ. ದೊಡ್ಡವರ ಒರಟು ಪಾದಕ್ಕೆ ಅದು ಏನೂ ಮಾಡದು. ಎಳೇ ಪಾದ ಅದರಲ್ಲಿ ದಿನಕ್ಕೆ ಮೂವತ್ತು ಸಲ ಕುಣಿದರೆ ಚರ್ಮ ಸುಲಿಯದೆ ಇನ್ನೇನು. ಅವಳು ಜವರನಿಗೆ ಬಿಡಿಸಿ ಹೇಳಿದಳು. ಮಗು ಆ ನೀರಿಗೆ ಇಳಿಯಬಾರದು. ಕಾಲನ್ನು ಒಳ್ಳೆ ನೀರಲ್ಲಿ ತೊಳೆದು, ಹತ್ತಿ ಬಟ್ಟೆಯಲ್ಲಿ ಬೆರಳ ಸಂದಿ ಒರೆಸಿ, ಕೊಬ್ಬರಿ ಎಣ್ಣೆ ಸವರಬೇಕು. ಕೆರೆದುಕೊಳ್ಳದ ಹಾಗೆ ಉಗುರು ಕತ್ತರಿಸಬೇಕು. ಕಾಲಿಗೆ ಹತ್ತಿಯ ಕಾಲುಚೀಲ ಹಾಕಬೇಕು. ಕಣ್ಣಲ್ಲಿ ನೀರು ಹಾಕಿದರೆ, ನಿಲ್ಲುವ ತನಕ ಎತ್ತಿಕೊಂಡು ಓಡಾಡಿಸಬೇಕು. ನಾಲ್ಕು ದಿನದಲ್ಲಿ ತಗ್ಗದಿದ್ದರೆ ಡಾಕ್ಟರ ಹತ್ತಿರ ಕರೆತರಬೇಕು.

ಮನೆಗೆ ಬಂದರೂ ಜವರನ ಬಾಯಿ ಮುಚ್ಚೇ ಇತ್ತು. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. ಹೊಂಬಾಳಮ್ಮ ಗೋಗರೆದಳು, ದೇವರ ಮೇಲೆ ಆಣೆ ಇಟ್ಟಳು, ಕೊನೆಗೆ ಬಾಯಿ ಬಿಡಲಾ ಎಂದಳು. ಬಿಟ್ಟ. ನರ್ಸಮ್ಮ ಹೇಳಿದ್ದೆಲ್ಲಾ ಗಿಳಿಯ ಹಾಗೆ ಒಪ್ಪಿಸಿದ. ಮಗು ಬಾಂಡ್ಲಿಯಲ್ಲಿ ಕುಣಿಯುತ್ತಿದ್ದದ್ದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಕಾಲದ್ದದೆ ಯಾರೂ ಒಳಕ್ಕೆ ಹೋಗ್ಬಾರ್ದು ಅಂತ ನೀನೇ ಹೇಳಿದ್ದಲ್ಲವ್ವ," ಎಂದ. ಹೊಂಬಾಳಮ್ಮ ಆ ನೀರಿನ ಬಾಂಡ್ಲಿಯನ್ನು ಮಗುವಿಗೆ ಎಟುಕದ ಕಡೆಗೆ ಸರಿಸಿದಳು. ಆಮೇಲೆ ಬೆರಳೆತ್ತಿ ಮಗನಿಗೆ ಹೇಳಿದಳು.

"ನೋಡ್ಲಾ, ನಮ್ಮನೇಲಿ ಕಾಲು ಒದ್ದೆ ಆದಾಗಲೆಲ್ಲ ನರ್ಸಮ್ಮ ಹೇಳಿದ್ದು ಒಂದೂ ಬಿಡದಂಗೆ ಮಾಡು. ನನ್ನ ಕೇಳ್ಕೊಂಡು ಕೂರ್ಬೇಡ. ಯಾರು ಬ್ಯಾಡ ಅಂದ್ರೂ ಬಿಡ್ಬೇಡ."

ಕೊನೆಯ ಮಾತು ಹೇಳಿದ್ದು ಕೆಂಪಿಯ ಹಟ ಗೊತ್ತಿದ್ದರಿಂದ. ಜವರ ತಪ್ಪದೆ ಮಾಡಿದ. ತೊಳೆದ, ಒರೆಸಿದ, ಸವರಿದ, ಕತ್ತರಿಸಿದ, ಹಾಕಿದ, ಅತ್ತಾಗ ಎತ್ತಿಕೊಂಡು ಬೀದಿ ಸುತ್ತಿದ. ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೆ ಹೇಳಿದ್ದೂ ಅವನು ಮಾಡಿದ್ದೂ ಬೇಕಾಗಿದ್ದೂ ಮೂರೂ ಒಂದೇ ಆಗಿತ್ತು. ಶನಿವಾರದ ಹೊತ್ತಿಗೆ ನವೆ ನಿಂತು ಗಾಯ ಮಾಯ್ದಿತ್ತು. ಆದರೆ ಕಲೆ ಇತ್ತು. ಕಲೆ ನೋಡಿ ಬೀಗಿತ್ತಿ ಏನನ್ನುತ್ತಾಳೋ ಎಂದು ಹೊಂಬಾಳಮ್ಮನಿಗೆ ಅನ್ನ ಇಳಿಯಲಿಲ್ಲ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ದೊಡ್ಡತಾಯಮ್ಮ ಬಂದಳು. ಮೈತುಂಬ ಸೀರೆ, ಮುಖದ ತುಂಬ ಸಿಟ್ಟು. ಬಂದವರಿಗೆ ಕಾಲಿಗೆ ನೀರು ಕೊಡಬೇಕಲ್ಲ, ಹೊಂಬಾಳಮ್ಮ ಚೊಂಬಿನಲ್ಲಿ ಕೊಟ್ಟಳು. ದೊಡ್ಡತಾಯಮ್ಮ ಪಾದದ ಮೇಲೆ ಹುಯ್ದುಕೊಂಡಳು. ಹುಯ್ದುಕೊಂಡವಳೇ ಮಗು ಎಲ್ಲಿ, ಕಾಲು ತೋರಿಸಿ ಎಂದಳು.

ಜವರ ನೋಡಿದ. ಕಾಲು ಒದ್ದೆಯಾಗಿತ್ತು.

ಬಂದು ಬೀಗಿತ್ತಿಯ ಭುಜ ಹಿಡಿದು ಜಗಲಿಯ ಮೇಲೆ ಕೂರಿಸಿದ. ಅವಳು ಏನಿದು ಏನಿದು ಅನ್ನುವಷ್ಟರಲ್ಲಿ ಎರಡೂ ಪಾದ ತೊಳೆದಾಗಿತ್ತು. ಬಿಡು ಎಂದಳು. ಬಿಡಲಿಲ್ಲ. ಹತ್ತು ಬೆರಳ ಸಂದಿಯನ್ನೂ ಒಂದೊಂದಾಗಿ ಒರೆಸಿದ. ಹೊಂಬಾಳಮ್ಮ ಜವರಾ ಜವರಾ ಎಂದು ಓಡಿಬಂದಳು. ಅವನು ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ಉಗುರು ಕತ್ತರಿಸಿದ. ಕೆಂಪಿಯ ಗುಲಾಬಿ ಬಣ್ಣದ ಕಾಲುಚೀಲ ತಂದು ಎಳೆದೆಳೆದು ಹಾಕಿದ, ಅದು ಎರಡು ಬೆರಳಿಗೆ ಬಂದು ನಿಂತಿತು.

ದೊಡ್ಡತಾಯಮ್ಮ ಕಾಲು ಎಳೆದುಕೊಳ್ಳುವುದನ್ನು ಬಿಟ್ಟಿದ್ದಳು. ಮದುವೆಯಾಗಿ ಬಂದಾಗಿನಿಂದ ಅವಳ ಕಾಲಿಗೆ ಜನ ಬಿದ್ದಿದ್ದರೇ ಹೊರತು ಆ ಕಾಲು ನೋಯುತ್ತದಾ ಎಂದು ಯಾರೂ ಮುಟ್ಟಿ ನೋಡಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಅವಳಿಗೇ ನಾಚಿಕೆಯಾಗಿ ಮುಖ ತಿರುಗಿಸಿದಳು.

ಜವರ ಕಣ್ಣೀರು ನೋಡಿದ. ಕೈ ಒರೆಸಿಕೊಂಡ. ಬೀಗಿತ್ತಿಯನ್ನು ಅನಾಮತ್ತಾಗಿ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಬೀದಿಗೆ ಇಳಿದ.

ಊರು ಬಾಗಿಲಿಗೆ ಬಂದು ನಿಂತಿತು. ದೊಡ್ಡತಾಯಮ್ಮ ಮೊದಲು ಅವನ ಬೆನ್ನಿಗೆ ಗುದ್ದಿದಳು, ಆಮೇಲೆ ಬೀಳುವ ಭಯಕ್ಕೆ ಕತ್ತು ತಬ್ಬಿಕೊಂಡಳು. ಹಿಂದೆ ಕೆಂಪಿ ಚಪ್ಪಾಳೆ ತಟ್ಟುತ್ತಾ, ಅಜ್ಜಿ ಅಳಬೇಡ ಅಜ್ಜಿ ಅಳಬೇಡ ಎಂದು ಬರಿಗಾಲಲ್ಲಿ ಓಡುತ್ತಿದ್ದಳು. ಓಡುವ ಆ ಪುಟ್ಟ ಕಾಲುಗಳನ್ನು ಮೇಲಿನಿಂದ ನೋಡಿ, ತನ್ನ ಗುಲಾಬಿ ಬೆರಳುಗಳನ್ನೂ ನೋಡಿಕೊಂಡು, ದೊಡ್ಡತಾಯಮ್ಮನಿಗೆ ತಡೆಯಲಾರದೆ ನಗು ಬಂತು. ಜೀವಮಾನದಲ್ಲಿ ನಗದವಳು ಎಲ್ಲಾ ಸೇರಿಸಿ ನಕ್ಕಳು.

"ಹೊಂಬಾಳವ್ವ," ಎಂದು ಅಲ್ಲಿಂದಲೇ ಕೂಗಿದಳು, "ಮಗೂನ ರಜಕ್ಕೆ ರಜಕ್ಕೆ ಕಳಿಸ್ತೀನಿ. ಜೊತೇಲಿ ನಾನೂ ಬತ್ತೀನಿ."

ಹೊಂಬಾಳಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಜೊತೇಲಿ ನಾನೂ ಎಂಬುದು ಕಿವಿಗೆ ಬಿದ್ದಾಗ ಅರ್ಧ ಕಲ್ಲು ವಾಪಸು ಬಂದು ಕೂತಿತು. ಸೆರಗು ಸಿಕ್ಕಿಸಿಕೊಂಡು ಮಗನ ಹಿಂದೆ ಓಡಿದಳು, ಸಾಕು ಇಳಿಸಲಾ, ಅವರು ಅಳ್ತಿಲ್ಲ ಕಣೋ, ನಗ್ತಾವ್ರೆ ಎಂದು ಕೂಗಿದಳು.

ಜವರ ನಿಂತು, ಬೀಗಿತ್ತಿಯ ಮುಖವನ್ನು ಹತ್ತಿರದಿಂದ ಪರೀಕ್ಷೆ ಮಾಡಿ ನೋಡಿದ.

"ಕಣ್ಣಲ್ಲಿ ನೀರು ಇನ್ನೂ ನಿಂತಿಲ್ವಲ್ಲವ್ವ," ಎಂದು ಹೇಳಿ ಎರಡನೇ ಬೀದಿಗೆ ತಿರುಗಿದ.