ದೊರೆಯ ತಲೆಯ ಮೇಲಿನ ಮಣ್ಣು

"ಅಕ್ಕಾ, ಹುಲಿಗುಂದದ ಕೋಟೆಗೆ ಯಾವ ಕಡೆ ಹೋಗ್ಬೇಕು?"

ಅರವಟಿಗೆಯಲ್ಲಿ ನೀರು ಹೊಯ್ಯುತ್ತಿದ್ದ ಹೆಂಗಸು ಬೊಮ್ಮಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ಮಾತು ಕೇಳಿದ್ರೆ ಈ ಸೀಮೆಯವಳೇ. ಹುಟ್ಟಿದೂರಿನ ದಾರಿ ಕೇಳೋಕೆ ನಾಚಿಕೆ ಆಗಲ್ವೇನೇ?"

ಆಗುತ್ತಿತ್ತು. ಏಳು ಬಂದರು, ಮೂರು ರಾಜಧಾನಿ ಸುತ್ತಿದವಳಿಗೆ ಆರೇ ವರ್ಷದಲ್ಲಿ ಊರ ದಾರಿ ಮರೆತಿತ್ತು. ಮರೆಯಬೇಕೆಂದೇ ಹೋದವಳು, ಇಷ್ಟು ಚೆನ್ನಾಗಿ ಮರೆಯುತ್ತದೆಂದು ತಿಳಿದಿರಲಿಲ್ಲ.

ಅಷ್ಟರಲ್ಲಿ ಡಂಗುರದವನು ಬಂದ. "ಕೇಳ್ರಪ್ಪೋ ಕೇಳ್ರಿ! ಅರಮನೆಯ ಮಹಡಿ ಬೆಂಕಿ ಕಾರುತೈತೆ. ಎರಡು ವರ್ಷದ ಹಿಂದೆ ಎಳೆಗೂಸು ರಾಜಕುಮಾರಿ ಅಲ್ಲಿ ಮಲಗಿ ಸಾವಿನ ಬಾಯಿಂದ ಉಳಿದಿತ್ತು. ಸೂರು ಹಾಕಿದ ಗಾದಿಲಿಂಗ ಅದರಾಗೆ ಮಾಟ ಹೂತವನಂತೆ, ಅವತ್ತಿಂದ ಸೆರೆಯಾಗವನೆ. ರಾಣಿಯಮ್ಮನ ಮೂರು ಒಗಟು ಬಿಡಿಸಿ, ಮಾಟ ಅಲ್ಲ ಅಂತ ತೋರಿಸಿದರೆ ಮುದುಕ ಉಳಿದ, ಬಿಡಿಸಿದವರು ಕೇಳಿದ್ದು ಸಿಕ್ಕಿತು. ತಪ್ಪಿದವರು ಒಂದು ಹಗಲು ಅದೇ ಮಹಡಿಯಾಗೆ ಕೂರಬೇಕು. ನಾಳೆ ಸಂಜೆಗೆ ಯಾರೂ ಬಿಡಿಸದಿದ್ರೆ ಮುದುಕನ ತಲೆ ಹೋತು!"

ಬೊಮ್ಮಕ್ಕನ ಬೊಗಸೆಯ ನೀರು ಚೆಲ್ಲಿತು. ತಬ್ಬಲಿಯಾಗಿದ್ದ ಅವಳಿಗೆ ಅನ್ನ ಹಾಕಿ, ಮಾಳಿಗೆಯ ಮಟ್ಟಸ ಸೂರಿಗೆ ಮಣ್ಣು ಹಾಕುವ ಕಸುಬು ಕಲಿಸಿದವನು ಗಾದಿಲಿಂಗಜ್ಜನೇ.

ಮರುದಿನ ಸಭೆಯಲ್ಲಿ ಅವಳು ಹಿಂದೆ ನಿಂತಳು. ದೊರೆ ಸುಮ್ಮನೆ ಕೂತಿದ್ದ. ಮಾತೆಲ್ಲ ರಾಣಿ ಮಲ್ಲಾಂಬೆಯದು. ಕೈಕಟ್ಟಿಸಿಕೊಂಡ ಅಜ್ಜ ಒಂದು ಮೂಲೆಯಲ್ಲಿದ್ದ.

"ನನ್ನ ಮನೆಯಲ್ಲೊಂದು ಒಲೆ ಇದೆ," ಎಂದಳು ರಾಣಿ. "ಕಟ್ಟಿಗೆಯಿಲ್ಲ, ಬೂದಿಯಿಲ್ಲ. ತಲೆಯ ಮೇಲೇ ಉರಿಯುತ್ತದೆ. ಹೊತ್ತು ಮುಳುಗಿದರೂ ಆರುವುದಿಲ್ಲ. ಯಾವುದದು?"

"ಸೂರ್ಯ!" ಎಂದ ಆಸ್ಥಾನದ ಜೋಯಿಸ.

"ಮುಳುಗಿದ ಮೇಲೂ ಅಂದೆನಲ್ಲ, ಜೋಯಿಸರೇ. ನಡೆಯಿರಿ ಮಹಡಿಗೆ."

ವೈದ್ಯ ಜ್ವರ ಎಂದ. ಅವನೂ ಮೆಟ್ಟಿಲು ಹತ್ತಿದ. ಮಧ್ಯಾಹ್ನಕ್ಕೆ ಇಬ್ಬರನ್ನೂ ಹೊತ್ತು ಇಳಿಸಿ ತಲೆಗೆ ನೀರು ಸುರಿಯುವುದನ್ನು ಕಂಡಮೇಲೆ ಬುದ್ಧಿವಂತರ ಸಾಲು ತಾನಾಗಿ ಕರಗಿತು.

ಬೊಮ್ಮಕ್ಕ ಮುಂದೆ ಬಂದಳು. "ಬರಿಯ ಕರಿಚಪ್ಪಡಿಯ ಸೂರು, ತಾಯಿ. ಹಗಲೆಲ್ಲ ಬಿಸಿಲು ಕುಡಿಯುತ್ತೆ, ಸಂಜೆಯಾದ ಮೇಲೆ ಕೆಳಗಿನವರ ಮೇಲೆ ಕಾರುತ್ತೆ. ಒಲೆಯಿಂದ ಇಳಿಸಿದ ಮೇಲೂ ರೊಟ್ಟಿಹಂಚು ಸುಡಲ್ವೇ?"

ರಾಣಿ ನೆಟ್ಟಗೆ ಕೂತಳು. "ಮೈಯಿಲ್ಲದ ಕಾವಲುಗಾರನೊಬ್ಬ. ನಿಂತಲ್ಲೇ ನಿಂತರೆ ಬಿಸಿಲನ್ನೂ ಚಳಿಯನ್ನೂ ತಡೆಯುತ್ತಾನೆ. ಓಡಾಡಿದರೆ ತಾನೇ ಎರಡನ್ನೂ ಹೊತ್ತು ತರುತ್ತಾನೆ. ಅವನನ್ನು ಕಟ್ಟಿಹಾಕುವುದಕ್ಕೆ ಒಣಕಡ್ಡಿ ಸಾಕು."

"ಗಾಳಿ. ಜಂತಿಯ ಮೇಲೆ ನಾವು ಜೊಂಡು ಹಾಸ್ತೀವಿ. ಕಡ್ಡಿಯೊಳಗೆ, ಕಡ್ಡಿ ನಡುವೆ ಸಿಕ್ಕಿಬಿದ್ದ ಗಾಳಿ ಅಲ್ಲಾಡಲ್ಲ, ಕಾವನ್ನು ದಾಟಿಸಲ್ಲ. ಕೌದಿಯ ಪದರಗಳ ನಡುವೆ ಇರೋನೂ ಅವನೇ."

ಅಜ್ಜ ತಲೆಯೆತ್ತಿದ. ಗುರುತು ಹತ್ತಿತು. ಅವನ ನೋಟ ತಾಗಿದ ಕಡೆ ಬೊಮ್ಮಕ್ಕನ ಕೆನ್ನೆ ಉರಿಯಿತು.

"ಕಡೆಯದು. ಈ ಅರಮನೆಯ ತಲೆಯ ಮೇಲೆ ಮೊಳದಪ್ಪ ಕೂತಿತ್ತು. ವರ್ಷವರ್ಷವೂ ಮುಂಗಾರಿಗೆ ಮುಂಚೆ ಅದರ ಮೇಲೆ ಹೊಸದು ಬೀಳುತ್ತಿತ್ತು. ನೀರಿಳಿಯಲು ಬಿಡಲಿಲ್ಲ, ಕಾವಿಳಿಯಲು ಬಿಡಲಿಲ್ಲ. ಒಂದು ದಿನ ಅದನ್ನು ಕೆರೆದು ಹೊರಗೆ ಸುರಿದರು. ಯಾವುದದು? ಸುರಿಸಿದವರು ಯಾರು?"

"ಮಾಳಿಗೆಗೆ ಹಾಕೋ ಉಪ್ಪುನೆಲದ ಚೌಳು ಮಣ್ಣು..." ಎಂದಳು. ಅಜ್ಜನಿಂದ ಕಣ್ಣು ತಪ್ಪಿಸಿ ನೆಲ ನೋಡಿದಳು.

"ಅರ್ಧ ಉತ್ತರಕ್ಕೆ ಅರ್ಧ ತಲೆ ಉಳಿಸಲಾಗುವುದಿಲ್ಲ, ತಂಗಿ."

"ನಾನೇ, ತಾಯಿ. ಆರು ವರ್ಷದ ಹಿಂದೆ ಮೊದಲ ಸಲ ಪರದೇಶ ನೋಡಿ ಬಂದಿದ್ದೆ. ಸಿರಿವಂತರ ಮನೆ ಚಪ್ಪಡಿ ಸೂರು ಕನ್ನಡಿಯಂಗೆ ಹೊಳೆಯೋದು ಕಂಡಿದ್ದೆ. ಮಣ್ಣು ಹೊರೋ ಕೈ ನನ್ನದು ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಯ್ತು. ಇದೇ ಸಭೆಯಲ್ಲಿ, ಯಾವ ಸೀಮೆಯ ದೊರೆ ತಲೆ ಮೇಲೆ ಮಣ್ಣು ಹೊತ್ತು ಮಲಗ್ತಾನೆ ಅಂತ ನಕ್ಕೆ. ಬೇಡ ಕಣೇ ಅಂದ ಅಜ್ಜನಿಗೆ, ಮುದುಕನಿಗೇನು ತಿಳಿಯುತ್ತೆ ಅಂದೆ. ಅಪ್ಪಣೆಯಾದ ಮೇಲೆ ಅವನು ಅಳುತ್ತಲೇ ಚಪ್ಪಡಿ ಕೂರಿಸಿದ. ಮೊದಲ ಬೇಸಗೆಗೆ ಮಹಡಿ ಸುಟ್ಟಾಗ ನನಗೆ ತಿಳೀತು. ಹೇಳದೆ ಓಡಿಹೋದೆ. ಅಲ್ಲಿರೋದು ಮಾಟ ಅಲ್ಲ, ನನ್ನ ಬಿಂಕ."

ಎಲ್ಲರೂ ದೊರೆಯ ಕಡೆ ನೋಡಿದರು. ದೊರೆ ತನ್ನ ಕಾಲ್ಬೆರಳು ನೋಡುತ್ತಿದ್ದ.

"ನಾಲಿಗೆ ನಿನ್ನದು," ಎಂದ ಕೊನೆಗೆ. "ಕಿವಿ ನನ್ನದು. ಆ ದಿನ ನನಗೂ ಮಣ್ಣೆಂದರೆ ಹೇಸಿಗೆಯಾಯಿತು. ಮಗು ಕಾವಿಗೆ ಕಾಯಿಲೆ ಬಿದ್ದಾಗ ನನ್ನ ತಪ್ಪನ್ನು ಇವನ ತಲೆಗೆ ಕಟ್ಟಿದೆ." ಇಳಿದು ಬಂದು ತಾನೇ ಅಜ್ಜನ ಹಗ್ಗ ಬಿಚ್ಚಿದ. ಗಂಟು ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು.

"ಈ ಮಾತು ಹೊರಡಲೆಂದೇ ಒಗಟು ಕಟ್ಟಿದೆ. ಕೇಳು ತಂಗಿ, ಏನು ಬೇಕು," ಎಂದಳು ರಾಣಿ.

"ಹತ್ತು ಬಂಡಿ ಚೌಳು ಮಣ್ಣು, ತಾಯಿ."

ಸಭೆ ನಕ್ಕಿತು. ಅಜ್ಜ ನಗಲಿಲ್ಲ. ಅವನು ಸೆರೆಯಲ್ಲಿದ್ದ ಎರಡು ವರ್ಷವೂ ಅವನ ಮನೆಗೆ ಮಣ್ಣು ಬಿದ್ದಿರಲಿಲ್ಲ. ಮಾಟಗಾರನ ಮಾಳಿಗೆ ಹತ್ತುವವರು ಯಾರು? ಮಳೆಗೆ ಸೂರು ಕುಸಿದು ನಡುಮನೆಗೆ ಆಕಾಶ ಕಾಣುತ್ತಿತ್ತು.

ಅರಮನೆಯ ಮಹಡಿಗೆ ದೊರೆಯ ಆಳುಗಳು ಮಣ್ಣು ಹೊತ್ತರು. ಅಜ್ಜನ ಮನೆಗೆ ಬೊಮ್ಮಕ್ಕ ಒಬ್ಬಳೇ. ಜಂತಿ ಕೂರಿಸಿ, ಜೊಂಡು ಹಾಸಿ, ಹದಿನೆಂಟು ದಿನ ಬುಟ್ಟಿ ಹೊತ್ತಳು. ಅಜ್ಜ ಕೆಳಗೆ ಮಂಚದ ಮೇಲೆ ಮಲಗಿ, "ತುಳಿಯೇ ಸರಿಯಾಗಿ! ಪರದೇಶದ ಕಾಲು, ಹೂವಿನ ಮೇಲೆ ನಡೆದಂಗೆ ನಡೀತಾಳೆ," ಎಂದು ಬೈಯುತ್ತಿದ್ದ. ಅವಳನ್ನು ಹೆಸರು ಹಿಡಿದು ಮಾತ್ರ ಕರೆಯಲಿಲ್ಲ.

ಕೊನೆಯ ದಿನ ಅಂಗೈಯಗಲ ಕಂಡಿ ಉಳಿಯಿತು. ಅದರೊಳಗಿಂದ ಅಜ್ಜನ ಮುಖ ಕಂಡಿತು. ಅವನು ಅವಳನ್ನೇ ನೋಡುತ್ತಿದ್ದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ. ಜೊಂಡು ಹೆಣೆದು, ಮಣ್ಣು ಸುರಿದು, ತುಳಿದು ಮುಚ್ಚಿದಳು.

ಕೆಳಗಿನಿಂದ ದನಿ ಬಂತು: "ಬೊಮ್ಮೀ, ಹಳೇ ಅನ್ನದ ಋಣ ತೀರಿತು. ಇಳಿದು ಬಾ, ಉಣ್ಣೋಣ."