ಬೆರಕೆಯಿಲ್ಲದ ಬೀಜ

“ಗುರುಗಳೇ, ಒಂದು ತಪ್ಪನ್ನು ಎಲ್ಲರೂ ಮಾಡಿದ ಮೇಲೆ ಅದು ತಪ್ಪಾಗಿಯೇ ಉಳಿಯುತ್ತದೆಯೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ದುಂಡಪ್ಪನೆಂಬ ರೈತನಿದ್ದ. ಬದನೆ ಬೆಳೆಯುತ್ತಿದ್ದ. ಬೀಜ ಅವನ ತಾಯಿ ಕಾಪಾಡಿಕೊಂಡು ಬಂದದ್ದು. ಸುತ್ತಲಿನ ಊರಿನವರು ಅವನಿಂದಲೇ ಸಸಿ ಒಯ್ಯುತ್ತಿದ್ದರು.

ಅವನ ಹೊಲದ ಆಚೆ ಸರ್ಕಾರದ ಪ್ರಯೋಗದ ತೋಟವಿತ್ತು. ಅಲ್ಲಿ ಕುಲಾಂತರಿ ಬದನೆ ಹಾಕಿದ್ದರು. ನಡುವೆ ಗಟ್ಟಿಯಾದ ಬೇಲಿಯಿತ್ತು. ಹೂ ಬಿಟ್ಟಾಗ ಜೇನುನೊಣಗಳು ಎರಡೂ ಕಡೆ ಓಡಾಡಿದವು.

ಅಧಿಕಾರಿಗಳು ಬಂದು ಕೆಲವು ಕಾಯಿ ಒಯ್ದು ಪರೀಕ್ಷಿಸಿದರು. ಸುತ್ತಲಿನ ಬೆಳೆಗೆ ಕುಲಾಂತರಿ ಬೆರೆತಿದೆ ಎಂದು ತಿಳಿಯಿತು. ಎಲ್ಲರೂ ಗಿಡ ಕಿತ್ತು ಸುಡಬೇಕು, ಕೂಡಿಟ್ಟ ಬೀಜವನ್ನೂ ಸುಡಬೇಕು ಎಂದು ಆದೇಶ ಹೊರಟಿತು.

ನೆರೆಹೊಲದವನು ಬಂದು, “ದುಂಡಪ್ಪಣ್ಣ, ಸುಮ್ಮನಿದ್ದುಬಿಡು. ಅವರು ಎಷ್ಟು ಮನೆ ಹುಡುಕಿಯಾರು?” ಎಂದ.

“ಸುಮ್ಮನಿದ್ದರೆ, ನಾಳೆ ಸಸಿ ಕೇಳಲು ಬಂದವರಿಗೆ ಏನೆಂದು ಕೊಡಲಿ?” ಎಂದ ದುಂಡಪ್ಪ.

ಅವನು ಗಿಡಗಳನ್ನು ಕಿತ್ತು ಬೆಂಕಿ ಹಚ್ಚಿದ. ಅಟ್ಟದ ಮೇಲಿನ ಬೀಜದ ಗಡಿಗೆಯನ್ನು ಹೆಂಡತಿಯೇ ತಂದು ಬೆಂಕಿಗೆ ಸುರಿದಳು.

ಬೇರೆ ಯಾರೂ ಸುಡಲಿಲ್ಲ. ಇವನ ಹೊಗೆ ಕಂಡು ಅಧಿಕಾರಿಗಳು ತಮ್ಮ ಹೊಲಕ್ಕೂ ಬರುತ್ತಾರೆಂದು ಊರಿನವರು ಮುನಿಸಿಕೊಂಡರು. ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ದುಡಿಯುವ ಮುಯ್ಯಾಳಿನ ಕೆಲಸಕ್ಕೆ ಅವನನ್ನು ಕರೆಯುವುದು ನಿಂತಿತು.

ಮರುವರ್ಷ ಅಧಿಕಾರಿಗಳು ಮತ್ತೆ ಪರೀಕ್ಷಿಸಿದರು. ಬೆರಕೆ ದೂರದ ಊರುಗಳಿಗೂ ಹಬ್ಬಿತ್ತು. ಅಷ್ಟನ್ನೂ ಸುಡಿಸುವುದು ಆಗದ ಮಾತು. ಹೊಸ ಆದೇಶ ಬಂತು: ಸ್ವಲ್ಪ ಬೆರಕೆ ಇದ್ದರೆ ಅದನ್ನು ಬೆರಕೆಯೆಂದು ಎಣಿಸಬೇಕಾಗಿಲ್ಲ. ಊರು ನಿರಾಳವಾಯಿತು.

ಸುಟ್ಟ ಬೀಜಕ್ಕೆ ದಾರಿಯೇನೆಂದು ಕೇಳಲು ದುಂಡಪ್ಪ ಕಚೇರಿಗೆ ಹೋದ. ಅಧಿಕಾರಿ ಕೆಟ್ಟವನಲ್ಲ. ಕುರ್ಚಿ ಕೊಟ್ಟ, ಕುಡಿಯಲು ನೀರು ತರಿಸಿದ.

“ನೀವು ಮಾಡಿದ್ದು ಆಗಿನ ಆದೇಶದಂತೆ ಸರಿ. ಊರಿನವರು ಮಾಡಿದ್ದು ಈಗಿನ ಆದೇಶದಂತೆ ಸರಿ. ಯಾರದೂ ತಪ್ಪಿಲ್ಲ,” ಎಂದು ಹೇಳಿ ಬೀಜದ ಪೊಟ್ಟಣವೊಂದನ್ನು ಮುಂದೆ ಹಿಡಿದ.

“ಸಾಹೇಬರೇ, ಇದರಲ್ಲಿ ಬೆರಕೆ ಇಲ್ಲವೆಂದು ನೀವು ಹೇಳುತ್ತೀರಾ?”

ಅಧಿಕಾರಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡಿದ. ದುಂಡಪ್ಪ ಕೈಮುಗಿದು ಹೊರಬಂದ.

ಆಮೇಲೆ ಅವನು ಹಳೆಯ ಬೀಜ ಹುಡುಕಿಕೊಂಡು ತಾಯಿಯ ತವರಿನ ಕಡೆ ಹೊರಟ. ಹಿಂದೆ ತಾನು ಸಸಿ ಕೊಟ್ಟಿದ್ದ ಮನೆಗಳಿಗೆಲ್ಲ ಹೋದ. ಎಲ್ಲರೂ ಕೂರಿಸಿ ಉಪಚರಿಸಿದರು, ಬೀಜ ತಂದು ಮುಂದಿಟ್ಟರು. ಇದು ಹಳೆಯದೇ ಎಂದು ಮಾತ್ರ ಯಾರೂ ಹೇಳಲಾರದೆ ಹೋದರು. ಅವನು ಬರಿಗೈಯಲ್ಲಿ ಮರಳಿದ.

ಹೊಲವನ್ನು ಉತ್ತು ಹಸನು ಮಾಡಿದ, ಬಿತ್ತಲಿಲ್ಲ. ಸುತ್ತಲೂ ಹಸಿರು, ನಡುವೆ ಅವನದೊಂದೇ ಬರಿಯ ಮಣ್ಣು. ಸಂಜೆ ಬದುವಿನ ಮೇಲೆ ಕುಳಿತಿರುತ್ತಾನೆ. ಆ ದಾರಿಯಾಗಿ ಬರುವವರು ಅವನನ್ನು ಕಂಡರೆ ಆಚೆಯ ಕಾಲುದಾರಿ ಹಿಡಿಯುತ್ತಾರೆ.

ಗುರು ಕತೆ ನಿಲ್ಲಿಸಿದರು.

ಶಿಷ್ಯ, “ಅವನು ಒಂದು ವರ್ಷ ತಡೆದಿದ್ದರೆ ಸಾಕಿತ್ತಲ್ಲವೇ ಗುರುಗಳೇ? ಎಲ್ಲರ ಹಾಗೆ ಇರಬಹುದಿತ್ತು,” ಎಂದ.

ಗುರು ಹೇಳಿದರು: “ನಿಮ್ಮ ಮನೆಯಲ್ಲೂ ಬದನೆ ಬೆಳೆಯುತ್ತೀರಿ. ನಾಳೆ ಅವನು ಬಂದು ಬೀಜ ಕೇಳಿದರೆ, ಏನೆಂದು ಕೊಡುತ್ತೀಯ?”